ಎಚ್‌ಐವಿ ತಡೆಯುವ ಮಾತ್ರೆಯನ್ನು ಹೆಣ್ಣುಮಕ್ಕಳು ಯಾಕೆ ಬಿಟ್ಟುಬಿಡುತ್ತಾರೆ?

ಪ್ರಶ್ನೆ: ನಾನು ಲೈಂಗಿಕ ಕಾರ್ಯಕರ್ತೆಯರ ನಡುವೆ ಆರೋಗ್ಯ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತೇನೆ ಡಾಕ್ಟರೇ. ಎಚ್‌ಐವಿ ಬರದ ಹಾಗೆ ತಡೆಯುವ ‘ಪ್ರೆಪ್’ ಮಾತ್ರೆಯ ಬಗ್ಗೆ ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಶುರು ಮಾಡುವವರು ಕೆಲವರು ಮಾತ್ರ. ಅವರಲ್ಲೂ ಸುಮಾರು ಜನ ಒಂದೆರಡು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ‘ಅವರಿಗೇ ತಮ್ಮ ಆರೋಗ್ಯ ಬೇಡ ಅಂದ್ರೆ ನಾವೇನು ಮಾಡೋಣ’ ಎನ್ನುತ್ತಾರೆ ನಮ್ಮ ಮೇಲಿನವರು. ನನಗೆ ಆ ಮಾತು ಸರಿ ಅನ್ನಿಸುವುದಿಲ್ಲ, ಆದರೆ ಏನು ಉತ್ತರ ಕೊಡಬೇಕೋ ತಿಳಿಯುವುದಿಲ್ಲ. ಆರು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಬಂದಿದೆಯಂತೆ. ಅದು ಸಿಕ್ಕರೆ ಎಲ್ಲ ಸರಿಹೋಗುತ್ತದಾ? ಇನ್ನೊಂದು ವಿಷಯ. ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬಳು ಈಗ ಬಸುರಿ. ನಿಲ್ಲಿಸು ಅಂತ ಹೇಳಬೇಕಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆಕೆ ಕಾಯುತ್ತಿರಬಹುದು.

ಬಸುರಿ ಎನ್ನುವ ಕಾರಣಕ್ಕೆ ಮಾತ್ರೆ ನಿಲ್ಲಿಸಬೇಕಿಲ್ಲ. ಈ ಮಾತ್ರೆಯಲ್ಲಿರುವ ಮುಖ್ಯ ಔಷಧಿ ಟೆನೊಫೋವಿರ್. ಎಚ್‌ಐವಿ ಇರುವ ಗರ್ಭಿಣಿಯರು ಚಿಕಿತ್ಸೆಗಾಗಿ ಇದೇ ಔಷಧಿಯನ್ನು ಎಷ್ಟೋ ವರ್ಷಗಳಿಂದ ನುಂಗುತ್ತಾ ಬಂದಿದ್ದಾರೆ. ಅವರ ಮಕ್ಕಳನ್ನೂ ಗಮನಿಸಿ ನೋಡಲಾಗಿದೆ. ಬಸಿರಿನಲ್ಲೂ ಎದೆಹಾಲು ಕೊಡುವಾಗಲೂ ಪ್ರೆಪ್ ಮುಂದುವರಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಜ ಹೇಳಬೇಕೆಂದರೆ ಈಗ ಅವಳಿಗೆ ಮಾತ್ರೆಯ ಅಗತ್ಯ ಇನ್ನೂ ಜಾಸ್ತಿ. ಬಸಿರು ಮತ್ತು ಬಾಣಂತನದಲ್ಲಿ ಎಚ್‌ಐವಿ ತಗಲುವ ಸಾಧ್ಯತೆ ಹೆಚ್ಚುತ್ತದೆ. ಆ ಹೊತ್ತಿನಲ್ಲಿ ಹೊಸದಾಗಿ ಸೋಂಕು ತಗಲಿದರೆ ರಕ್ತದಲ್ಲಿ ವೈರಸ್ ವಿಪರೀತ ಇರುತ್ತದೆ. ಮಗುವಿಗೆ ದಾಟುವ ಅಪಾಯವೂ ಆಗಲೇ ದೊಡ್ಡದು. ಹೆರಿಗೆ ನೋಡುವ ಡಾಕ್ಟರಿಗೆ ಮಾತ್ರೆಯ ವಿಷಯ ತಿಳಿಸಲಿ, ನಡುನಡುವೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುತ್ತಿರಲಿ. ಹೆದರಿಕೊಂಡು ತಾನಾಗಿಯೇ ಬಿಡುವುದು ಮಾತ್ರ ಬೇಡ.

ಇನ್ನು ನಿಮ್ಮ ಮೇಲಿನವರ ಮಾತಿಗೆ ಬರೋಣ. ‘ಅವರಿಗೇ ಬೇಡ’ ಎನ್ನುವ ಮಾತು ಹೊಸದಲ್ಲ. ದೊಡ್ಡ ದೊಡ್ಡ ಸಂಶೋಧಕರೂ ಒಂದು ಕಾಲದಲ್ಲಿ ಇದರ ಹತ್ತಿರಕ್ಕೆ ಬಂದಿದ್ದರು. ಆ ಕತೆ ನಿಮಗೆ ಗೊತ್ತಿದ್ದರೆ ಉತ್ತರ ಕೊಡುವುದು ಸುಲಭ.

ಕೀನ್ಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ ಸುಮಾರು 2,100 ಮಹಿಳೆಯರ ಮೇಲೆ ‘ಫೆಮ್-ಪ್ರೆಪ್’ ಎಂಬ ಪ್ರಯೋಗ ನಡೆಯಿತು. ನಿಜವಾದ ಮಾತ್ರೆ ಪಡೆದವರಿಗೂ ಸುಮ್ನೆ ತೋರಿಕೆಯ ಮಾತ್ರೆ ಪಡೆದವರಿಗೂ ವ್ಯತ್ಯಾಸವೇ ಕಾಣಲಿಲ್ಲ. 2011ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ‘ವಾಯ್ಸ್’ ಎಂಬ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ ದಕ್ಷಿಣ ಆಫ್ರಿಕಾ, ಉಗಾಂಡಾ ಮತ್ತು ಜಿಂಬಾಬ್ವೆಯ 5,000ಕ್ಕೂ ಹೆಚ್ಚು ಮಹಿಳೆಯರಿದ್ದರು. ಅಲ್ಲೂ ಅದೇ ಕತೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದಾಗ ಬಂದ ಲೆಕ್ಕ ಶೇ. 90ರಷ್ಟು. ರಕ್ತ ಪರೀಕ್ಷೆ ಮಾಡಿ ನೋಡಿದರೆ ಔಷಧಿ ಸಿಕ್ಕಿದ್ದು ಶೇ. 30ರಷ್ಟು ಮಾದರಿಗಳಲ್ಲಿ ಮಾತ್ರ.

ಈ ಅಂಕಿ ಕಂಡ ಕೂಡಲೇ ‘ಹೆಣ್ಣುಮಕ್ಕಳು ಸುಳ್ಳು ಹೇಳಿದರು’ ಎಂದು ತೀರ್ಮಾನ ಮಾಡುವುದು ಸುಲಭ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಈ ಮಾತ್ರೆ ಹೆಂಗಸರಲ್ಲಿ ಕೆಲಸ ಮಾಡುತ್ತದೋ ಇಲ್ಲವೋ ಪ್ರಯೋಗ ಶುರುವಾದಾಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ತನಗೆ ಸಿಕ್ಕಿದ್ದು ಔಷಧಿಯೋ ಬರೀ ತೋರಿಕೆಯ ಮಾತ್ರೆಯೋ ಅವಳಿಗೂ ಗೊತ್ತಿರಲಿಲ್ಲ. ಕಾಯಿಲೆಯೇ ಇಲ್ಲದ ಯುವತಿ ದಿನಾ ಅದನ್ನು ನುಂಗಬೇಕು. ಮನೆಯಲ್ಲಿ ಯಾರಾದರೂ ಡಬ್ಬಿ ನೋಡಿದರೆ ‘ಇವಳಿಗೆ ಎಚ್‌ಐವಿ ಇದೆ’ ಎಂದೇ ತಿಳಿಯುತ್ತಾರೆ. ಚಿಕಿತ್ಸೆಗೆ ಕೊಡುವ ಮಾತ್ರೆಯಲ್ಲೂ ಟೆನೊಫೋವಿರ್ ಇರುತ್ತದಲ್ಲ! ಪ್ರಯೋಗ ಮುಗಿದ ಮೇಲೆ ಸಂಶೋಧಕರು ಆ ಮಹಿಳೆಯರ ಜೊತೆ ಕೂತು ಮಾತಾಡಿದಾಗ ಹೊರಬಂದದ್ದು ಇಂಥವೇ ಭಯಗಳು. ಅಡ್ಡಪರಿಣಾಮದ ಹೆದರಿಕೆ, ಊರವರ ಮಾತು, ಗಂಡ ಅಥವಾ ಗೆಳೆಯನ ಅನುಮಾನ.

ಅದೇ ಕಾಲದಲ್ಲಿ ಕೀನ್ಯಾ ಮತ್ತು ಉಗಾಂಡಾದಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 4,700ಕ್ಕೂ ಹೆಚ್ಚು ಜೋಡಿಗಳು ಅದರಲ್ಲಿದ್ದವು. ಅಲ್ಲಿ ಟೆನೊಫೋವಿರ್ ಮತ್ತು ಎಮ್ಟ್ರಿಸಿಟಬೀನ್ ಸೇರಿದ ಮಾತ್ರೆ ಸೋಂಕನ್ನು ಶೇ. 75ರಷ್ಟು ತಗ್ಗಿಸಿತು. ಹೆಂಗಸರಿಗೂ ಒಳ್ಳೆಯ ರಕ್ಷಣೆ ಸಿಕ್ಕಿತು. ಮಾತ್ರೆ ಒಂದೇ. ಬೇರೆಯಾಗಿದ್ದದ್ದು ಮನೆಯ ಪರಿಸ್ಥಿತಿ. ಅಲ್ಲಿ ಅಪಾಯ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಮಾತ್ರೆಯನ್ನು ಬಚ್ಚಿಡಬೇಕಿರಲಿಲ್ಲ. ನೆನಪಿಸಲು ಪಕ್ಕದಲ್ಲೇ ಇನ್ನೊಬ್ಬರು ಇದ್ದರು. ನಿಮ್ಮ ಮೇಲಿನವರಿಗೆ ಈ ಮೂರೂ ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಔಷಧಿ ಹೊಟ್ಟೆಗೆ ಸೇರಿದರೆ ಕೆಲಸ ಮಾಡುತ್ತದೆ. ಅದು ಹೊಟ್ಟೆಗೆ ಸೇರುತ್ತದೋ ಇಲ್ಲವೋ ಎನ್ನುವುದು ಅವಳೊಬ್ಬಳ ಕೈಯಲ್ಲಿ ಇಲ್ಲ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಈಗ ನಿಮ್ಮ ಹೆಣ್ಣುಮಕ್ಕಳ ವಿಷಯ. ಅವರು ಬಿಡಲು ಏನೇನು ಕಾರಣ ಇರಬಹುದು?

ನಾವು ಬಳಸುವ ‘ಹೈ ರಿಸ್ಕ್’ ಎನ್ನುವ ಹಣೆಪಟ್ಟಿಯೇ ಒಂದು ದೊಡ್ಡ ಅಡ್ಡಿ ಎಂದು ನನಗೆ ಅನ್ನಿಸುತ್ತದೆ. ‘ನಿನಗೆ ಎಷ್ಟು ಜನರ ಜೊತೆ ಸಂಬಂಧ’ ಎಂದು ಕೇಳಿ, ಉತ್ತರ ಎಣಿಸಿ, ಆಮೇಲೆ ಮಾತ್ರೆ ಕೊಟ್ಟರೆ ಅವಳ ಪಾಲಿಗೆ ಆ ಮಾತ್ರೆ ಒಂದು ಅವಮಾನದ ಗುರುತು. ಜೊತೆಗೆ ಆ ಲೆಕ್ಕವೂ ತಪ್ಪುತ್ತದೆ. ಜೀವನದಲ್ಲಿ ಒಬ್ಬನೇ ಗಂಡಸನ್ನು ಬಲ್ಲ ಗೃಹಿಣಿಗೆ ಅಪಾಯ ಗಂಡನ ಕಡೆಯಿಂದ ಬರಬಹುದು. ಅವನು ಹೊರಗೆ ಏನು ಮಾಡುತ್ತಾನೆ, ಸೂಜಿ ಹಂಚಿಕೊಂಡು ಡ್ರಗ್ಸ್ ತೆಗೆದುಕೊಳ್ಳುತ್ತಾನಾ, ಪರೀಕ್ಷೆ ಮಾಡಿಸಿದ್ದಾನಾ, ಯಾವುದೂ ಅವಳಿಗೆ ಗೊತ್ತಿಲ್ಲ. ನಮ್ಮ ಪ್ರಶ್ನಾವಳಿಯಲ್ಲಿ ಅವಳು ‘ಅಪಾಯ ಇಲ್ಲ’ ಎಂಬ ಕಾಲಂಗೆ ಹೋಗಿ ಬೀಳುತ್ತಾಳೆ. ಹೆಣ್ಣೊಬ್ಬಳು ತಾನಾಗಿಯೇ ಬಂದು ‘ನನಗೆ ಆ ಮಾತ್ರೆ ಬೇಕು’ ಎಂದರೆ ಅವಳ ಬದುಕಿನಲ್ಲಿ ಏನೋ ಕಾರಣ ಇದ್ದೇ ಇರುತ್ತದೆ. ಕೇಳಿಬಂದವರಿಗೆ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದ್ದರಿಂದ ‘ನೀನು ಅಪಾಯದಲ್ಲಿದ್ದೀಯ’ ಎಂದು ಶುರು ಮಾಡಬೇಡಿ. ‘ಇದು ನಿನ್ನ ಕೈಯಲ್ಲೇ ಇರುವ ರಕ್ಷಣೆ, ಕಾಂಡೋಮಿನ ಹಾಗೆ ಇನ್ನೊಬ್ಬರನ್ನು ಒಪ್ಪಿಸಬೇಕಾಗಿಲ್ಲ’ ಎಂದು ಹೇಳಿ. ಗಿರಾಕಿಯ ಜೊತೆ ಕಾಂಡೋಮ್ ಬಳಸುವ ಎಷ್ಟೋ ಮಹಿಳೆಯರು ಮನೆಯವನ ಜೊತೆ ಬಳಸಲು ಆಗುವುದಿಲ್ಲ ಎನ್ನುತ್ತಾರೆ. ಅಲ್ಲಿ ಈ ಮಾತ್ರೆಗೆ ನಿಜವಾದ ಬೆಲೆ ಇದೆ. ಮಾತ್ರೆ ಉಳಿದ ಗುಹ್ಯರೋಗಗಳನ್ನು ತಡೆಯುವುದಿಲ್ಲ, ಬಸಿರನ್ನೂ ತಡೆಯುವುದಿಲ್ಲ. ಕಾಂಡೋಮ್ ಸಾಧ್ಯವಾದಲ್ಲೆಲ್ಲ ಇರಲಿ. ಗರ್ಭನಿರೋಧಕ ಮಾತ್ರೆ ಅಥವಾ ಇಂಜೆಕ್ಷನ್ ಜೊತೆ ಪ್ರೆಪ್ ತೆಗೆದುಕೊಂಡರೆ ಯಾವ ತೊಂದರೆಯೂ ಇಲ್ಲ. ಇದನ್ನು ಬಿಡಿಸಿ ಹೇಳಿ, ತುಂಬಾ ಜನ ಕೇಳಲು ಹಿಂಜರಿಯುತ್ತಾರೆ.

ಡಬ್ಬಿಯ ವಿಷಯ ಸಣ್ಣದು ಅನ್ನಿಸಬಹುದು, ಸಣ್ಣದಲ್ಲ. ಅದು ಬ್ಯಾಗಿನಲ್ಲಿ ಗಲಗಲ ಸದ್ದು ಮಾಡುತ್ತದೆ. ಮೇಲೆ ಔಷಧಿಯ ಹೆಸರಿರುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕು ಜನ ಇರುವ ಕಡೆ ಅದನ್ನು ಎಲ್ಲಿ ಇಡುವುದು? ವಾರಕ್ಕೆ ಬೇಕಾದಷ್ಟನ್ನು ಗುರುತಿಲ್ಲದ, ಒಣಗಿದ, ಬಿಗಿ ಮುಚ್ಚಳದ ಸಣ್ಣ ಡಬ್ಬಿಗೆ ಹಾಕಿಕೊಳ್ಳಲಿ. ತೇವ ತಾಗಿದರೆ ಮಾತ್ರೆ ಕೆಡುತ್ತದೆ, ಹಾಗಾಗಿ ಉಳಿದವು ಮೂಲ ಡಬ್ಬಿಯಲ್ಲೇ, ತೇವ ಹೀರುವ ಪೊಟ್ಟಣದ ಜೊತೆಗೇ ಇರಲಿ. ಆ ಮೂಲ ಡಬ್ಬಿಯನ್ನು ನಿಮ್ಮ ಕಚೇರಿಯಲ್ಲೇ ಇಟ್ಟುಕೊಳ್ಳಲು ಆಗುತ್ತದಾ ನೋಡಿ.

ಇನ್ನೊಂದು ಅಡ್ಡಿ ಮೊದಲ ತಿಂಗಳು. ಕೆಲವರಿಗೆ ವಾಕರಿಕೆ, ತಲೆನೋವು, ಹೊಟ್ಟೆ ಉಬ್ಬರ ಬರುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಮೊದಲೇ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಾಳೆ. ಹೇಳದಿದ್ದರೆ ‘ಈ ಮಾತ್ರೆ ನನ್ನ ಮೈಗೆ ಆಗೋದಿಲ್ಲ’ ಎಂದು ಬಿಡುತ್ತಾಳೆ. ಊಟವಾದ ಮೇಲೆ, ಮಲಗುವ ಮುಂಚೆ ತೆಗೆದುಕೊಂಡರೆ ಹೆಚ್ಚಿನವರಿಗೆ ವಾಸಿ. ಮೂತ್ರಪಿಂಡದ ತೊಂದರೆ ಅಪರೂಪ. ಆದರೆ ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೂ ವಯಸ್ಸಾದವರಿಗೂ ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಬೇಕು. ಹೆಪಟೈಟಿಸ್ ಬಿ ಇದೆಯಾ ಎಂದೂ ನೋಡಬೇಕು, ಯಾಕೆಂದರೆ ಇದ್ದವರು ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಲಿವರ್ ಕಾಯಿಲೆ ಕೆರಳಬಹುದು.

ಆದರೆ ಈ ಪರೀಕ್ಷೆಗಳೇ ಗೋಡೆಯಾಗಬಾರದು. ಮೂವತ್ತು ವರ್ಷದೊಳಗಿನ, ಬೇರೆ ಕಾಯಿಲೆ ಇಲ್ಲದವರಿಗೆ ಮೂತ್ರಪಿಂಡದ ಪರೀಕ್ಷೆ ಕಡ್ಡಾಯವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಬಿಡದೆ ಮಾಡಲೇಬೇಕಾದದ್ದು ಎಚ್‌ಐವಿ ಪರೀಕ್ಷೆ. ಈಗಾಗಲೇ ಸೋಂಕು ಇರುವವರಿಗೆ ಪ್ರೆಪ್ ಸಾಲದು, ವೈರಸ್ ಔಷಧಿಗೆ ಬಗ್ಗದ ಹಾಗೆ ಬದಲಾಗಿಬಿಡುವ ಅಪಾಯ ಇದೆ. ಉಳಿದದ್ದನ್ನು ನರ್ಸ್ ಮಾಡಬಹುದು, ಔಷಧಿ ಅಂಗಡಿಯವರು ಮಾಡಬಹುದು, ನಿಮ್ಮಂಥವರು ನೆರವಾಗಬಹುದು. ರಾತ್ರಿ ಕೆಲಸ ಮಾಡಿ ಬೆಳಗ್ಗೆ ಮಲಗುವ ಹೆಂಗಸಿಗೆ ‘ಬೆಳಗ್ಗೆ ಒಂಬತ್ತಕ್ಕೆ ಬಂದು ಸಾಲಿನಲ್ಲಿ ನಿಲ್ಲು’ ಎನ್ನುವುದು ‘ಬರಬೇಡ’ ಎಂದ ಹಾಗೆ. ಅದರ ಮೇಲೆ ಒಳಗೆ ಕೂತವರು ಒಂದು ಕುಹಕದ ಮಾತಾಡಿದರೆ ಮುಗಿಯಿತು, ಅವಳು ಮತ್ತೆ ಬರುವುದಿಲ್ಲ. ಲೈಂಗಿಕ ಕೆಲಸವನ್ನು ಅಪರಾಧ ಎಂದು ನೋಡುವ ಕಡೆಗಳಲ್ಲಿ ಪೊಲೀಸರ ಭಯವೂ ಸೇರುತ್ತದೆ. ಹದಿಹರೆಯದ ಹುಡುಗಿಯರಿಗೆ ಅಪ್ಪ ಅಮ್ಮನ ಸಹಿ ಬೇಕೆಂಬ ನಿಯಮ ಇದ್ದರೆ ಅವರು ಬರುವುದೇ ಇಲ್ಲ.

ಇನ್ನೊಂದು ವಿಷಯವನ್ನು ನಿಮ್ಮವರಿಗೆ ತಪ್ಪದೆ ಹೇಳಿ. ಸಂಬಂಧಕ್ಕೆ ಮುಂಚೆ ಎರಡು ಮಾತ್ರೆ, ಆಮೇಲೆ ದಿನಕ್ಕೊಂದರಂತೆ ಎರಡು ದಿನ ಎನ್ನುವ ಸಲಹೆ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. ಅದು ಗಂಡಸರ ಜೊತೆ ಸಂಬಂಧ ಇರುವ ಗಂಡಸರಲ್ಲಿ ಪರೀಕ್ಷಿಸಿದ ಕ್ರಮ. ಹೆಣ್ಣುಮಕ್ಕಳಿಗೆ ಅದು ನಡೆಯುವುದಿಲ್ಲ. ಟೆನೊಫೋವಿರ್ ಗುದದ್ವಾರದ ಒಳಪದರದಲ್ಲಿ ಬೇಗ ಮತ್ತು ಹೆಚ್ಚು ಸೇರಿಕೊಳ್ಳುತ್ತದೆ. ಯೋನಿಯ ಒಳಪದರದಲ್ಲಿ ಅದರ ಪ್ರಮಾಣ ತುಂಬಾ ಕಡಿಮೆ. ಹಾಗಾಗಿ ಹೆಂಗಸರು ದಿನಾ ತೆಗೆದುಕೊಳ್ಳಬೇಕು. ಶುರುವಿನಲ್ಲಿ ಕನಿಷ್ಠ ಏಳು ದಿನ ಆದ ಮೇಲೆ ರಕ್ಷಣೆ ಸಿಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅಮೆರಿಕದ ಸಲಹೆ ಇನ್ನೂ ಎಚ್ಚರಿಕೆಯದ್ದು, ಅಲ್ಲಿ ಸುಮಾರು ಮೂರು ವಾರ ಎನ್ನುತ್ತಾರೆ. ಒಂದು ದಿನ ಮರೆತರೆ ಎಲ್ಲ ಹಾಳಾಯಿತು ಎಂದೇನಿಲ್ಲ, ನೆನಪಾದಾಗ ತೆಗೆದುಕೊಂಡು ಮುಂದುವರಿಸಲಿ. ಮರೆತದ್ದಕ್ಕೆ ಬೈಯಬೇಡಿ. ಬೈದರೆ ಮುಂದಿನ ಸಲ ನಿಮಗೂ ಆ ‘ಶೇ. 90’ರ ಉತ್ತರವೇ ಸಿಗುತ್ತದೆ.

ಈಗ ಇಂಜೆಕ್ಷನ್. ನಿಮ್ಮ ಆಸೆಗೆ ಕಾರಣ ಇದೆ. ಲೆನಾಕಾಪವಿರ್ ಎಂಬ ಔಷಧಿಯನ್ನು ಹೊಟ್ಟೆಯ ಚರ್ಮದ ಕೆಳಗೆ ಆರು ತಿಂಗಳಿಗೊಮ್ಮೆ ಚುಚ್ಚುತ್ತಾರೆ. ಮೊದಲ ಸಲ ಮಾತ್ರ ಅದರ ಜೊತೆ ಎರಡು ದಿನ ಮಾತ್ರೆಯೂ ಇರುತ್ತದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ 16ರಿಂದ 25 ವಯಸ್ಸಿನ 5,300ಕ್ಕೂ ಹೆಚ್ಚು ಯುವತಿಯರಲ್ಲಿ ಇದನ್ನು ಪರೀಕ್ಷಿಸಿದರು. ಇಂಜೆಕ್ಷನ್ ಪಡೆದ 2,134 ಜನರಲ್ಲಿ ಒಬ್ಬರಿಗೂ ಎಚ್‌ಐವಿ ತಗಲಲಿಲ್ಲ. ಹಳೆಯ ದಿನದ ಮಾತ್ರೆ ಪಡೆದ 1,068 ಜನರಲ್ಲಿ 16 ಮಂದಿಗೆ ತಗಲಿತು. 2024ರಲ್ಲಿ ಈ ಫಲಿತಾಂಶ ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇನ್ನೂ ಒಂದು ಖುಷಿಯ ಸಂಗತಿ ಇದೆ. ಪ್ರಯೋಗದ ನಡುವೆ ಬಸುರಿಯಾದವರನ್ನು ಅದರಿಂದ ಹೊರಗೆ ಹಾಕಲಿಲ್ಲ. ಸಾಮಾನ್ಯವಾಗಿ ಹೊಸ ಔಷಧಿಗಳ ಪ್ರಯೋಗದಲ್ಲಿ ಗರ್ಭಿಣಿಯರನ್ನು ಮೊದಲೇ ಬದಿಗಿಡುತ್ತಾರೆ. ಪ್ರೆಪ್‌ನ ಇನ್ನೊಂದು ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಯೋನಿಸಂಭೋಗದಿಂದ ಅಪಾಯ ಇರುವ ಹೆಂಗಸರನ್ನು ಬಿಟ್ಟೇ ಕೊಟ್ಟಿದ್ದರು. ಆ ಮಾತ್ರೆಯ ಪ್ರಯೋಗದಲ್ಲಿ ಅವರನ್ನು ಸೇರಿಸಿಕೊಂಡಿರಲೇ ಇಲ್ಲ.

ಇದಕ್ಕಿಂತ ಮುಂಚೆ ಬಂದ ಕ್ಯಾಬೋಟೆಗ್ರಾವಿರ್ ಇಂಜೆಕ್ಷನ್ ಎರಡು ತಿಂಗಳಿಗೊಮ್ಮೆ. 3,200ಕ್ಕೂ ಹೆಚ್ಚು ಮಹಿಳೆಯರ ಪ್ರಯೋಗದಲ್ಲಿ ಮಾತ್ರೆಯ ಗುಂಪಿನಲ್ಲಿ 36 ಮಂದಿಗೆ ಸೋಂಕು ತಗಲಿದರೆ ಇಂಜೆಕ್ಷನ್ ಗುಂಪಿನಲ್ಲಿ 4 ಮಂದಿಗೆ. ಡಪಿವಿರಿನ್ ಎಂಬ ಔಷಧಿ ತುಂಬಿದ ರಿಂಗ್ ಕೂಡ ಇದೆ. ಹೆಂಗಸು ತಾನೇ ಯೋನಿಯೊಳಗೆ ಇಟ್ಟುಕೊಂಡು ತಿಂಗಳಿಗೊಮ್ಮೆ ಬದಲಾಯಿಸಬಹುದು. ಪ್ರಯೋಗಗಳಲ್ಲಿ ಅದು ಸೋಂಕನ್ನು ತಗ್ಗಿಸಿದ್ದು ಶೇ. 30ರ ಆಸುಪಾಸು. ಕಡಿಮೆಯೇ, ಆದರೆ ಮಾತ್ರೆಯೂ ಬೇಡ, ಸೂಜಿಯೂ ಬೇಡ ಎನ್ನುವವರಿಗೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು.

ಹಾಗಾದರೆ ಇಂಜೆಕ್ಷನ್‌ನಿಂದ ಎಲ್ಲ ಸರಿಹೋಗುತ್ತದಾ? ಡಬ್ಬಿಯ ತೊಂದರೆ ಹೋಗುತ್ತದೆ. ದಿನಾ ನೆನಪಿಡುವ ಕಷ್ಟ ಹೋಗುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಆಸ್ಪತ್ರೆಯ ಬಾಗಿಲು ಅದೇ, ಒಳಗೆ ಕೂತವರು ಅವರೇ. ಇಂಜೆಕ್ಷನ್ ನಿಲ್ಲಿಸಿದ ಮೇಲೂ ಔಷಧಿ ಸ್ವಲ್ಪ ಸ್ವಲ್ಪವಾಗಿ ಒಂದು ವರ್ಷದವರೆಗೆ, ಕೆಲವರಲ್ಲಿ ಅದಕ್ಕಿಂತ ಹೆಚ್ಚು ಕಾಲ ಮೈಯಲ್ಲಿ ಉಳಿಯುತ್ತದೆ. ಆ ಪ್ರಮಾಣ ಸೋಂಕು ತಡೆಯಲು ಸಾಲದು. ಆದರೆ ಆಗ ಸೋಂಕು ತಗಲಿದರೆ ವೈರಸ್ ಆ ಔಷಧಿಗೆ ಬಗ್ಗದ ಹಾಗೆ ಆಗಲು ಸಾಕು. ಆದ್ದರಿಂದ ಬಿಡುವವರು ಅಪಾಯ ಇರುವವರೆಗೆ ಮಾತ್ರೆಗೆ ಬದಲಾಯಿಸಿಕೊಳ್ಳಬೇಕು. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಈ ಇಂಜೆಕ್ಷನ್‌ಗಳ ಬಲ ಕುಗ್ಗುತ್ತದೆ, ಅದನ್ನೂ ಕೇಳಿ ತಿಳಿದುಕೊಳ್ಳಬೇಕು.

ಇನ್ನು ದುಡ್ಡು. ಲೆನಾಕಾಪವಿರ್‌ಗೆ 2025ರ ಜೂನ್‌ನಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸೂ ಬಂತು. ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ 28,000 ಡಾಲರ್‌ಗೂ ಮೇಲೆ. ಅದೇ ಔಷಧಿಯ ಜೆನೆರಿಕ್ ರೂಪವನ್ನು, ಅಂದರೆ ಬೇರೆ ಕಂಪನಿಗಳು ಅಗ್ಗವಾಗಿ ತಯಾರಿಸುವುದನ್ನು, 2027ರಿಂದ 120 ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಕೊಡುವುದಾಗಿ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಇದು ದೊಡ್ಡ ಭರವಸೆ. ಆದರೆ ಔಷಧಿ ಅಗ್ಗವಾದ ಮಾತ್ರಕ್ಕೆ ತಲುಪುವುದಿಲ್ಲ. 2025ರ ಶುರುವಿನಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವು ನಿಲ್ಲಿಸಿತು. ಆಮೇಲೆ ಸ್ವಲ್ಪ ಸಡಿಲಿಸಿದಾಗ, ಆ ಹಣದಲ್ಲಿ ಪ್ರೆಪ್ ಕೊಡಬಹುದಾದದ್ದು ಗರ್ಭಿಣಿಯರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ ಮಾತ್ರ ಎಂದಿತು. ನೀವು ಕೆಲಸ ಮಾಡುವಂಥ ಹೆಣ್ಣುಮಕ್ಕಳು ಒಂದೇ ಆದೇಶದಲ್ಲಿ ಪಟ್ಟಿಯಿಂದ ಹೊರಗಾದರು. ಅವರು ಮಾತ್ರೆ ಬಿಡಲಿಲ್ಲ, ಮಾತ್ರೆಯೇ ಅವರನ್ನು ಬಿಟ್ಟಿತು. ಇದು ನನಗೆ ಇವತ್ತಿಗೂ ನುಂಗಲಾಗದ ವಿಷಯ.

ಬಿಡುವುದರ ಬಗ್ಗೆಯೇ ಕೊನೆಯದಾಗಿ ಹೇಳಬೇಕಾದದ್ದಿದೆ. ಬಿಟ್ಟವರೆಲ್ಲ ಸೋತವರಲ್ಲ. ಪ್ರೆಪ್ ಜೀವನಪೂರ್ತಿ ತೆಗೆದುಕೊಳ್ಳಬೇಕಾದ ಔಷಧಿ ಅಲ್ಲ. ಒಬ್ಬಳು ಕೆಲಸ ಬಿಟ್ಟಿರಬಹುದು, ಊರು ಬದಲಾಯಿಸಿರಬಹುದು, ಗಂಡನಿಂದ ದೂರವಾಗಿರಬಹುದು. ಎಚ್‌ಐವಿ ಇರುವ ಸಂಗಾತಿ ಸರಿಯಾಗಿ ಚಿಕಿತ್ಸೆ ಪಡೆದು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದಿದ್ದರೆ ಅವನಿಂದ ಲೈಂಗಿಕವಾಗಿ ದಾಟುವುದೇ ಇಲ್ಲ. ಹೀಗೆ ಅಪಾಯ ಇಲ್ಲದಾಗ ನಿಲ್ಲಿಸುವುದು ಸರಿಯಾದ ಬಳಕೆಯೇ. ಕೊನೆಯ ಸಂಪರ್ಕ ಆದ ಮೇಲೆ ಇನ್ನೂ ಏಳು ದಿನ ಮಾತ್ರೆ ಮುಂದುವರಿಸಿ ನಿಲ್ಲಿಸಲಿ. ಕೆಲವು ಮಾರ್ಗಸೂಚಿಗಳು ಇನ್ನೂ ಹೆಚ್ಚು ದಿನ ಹೇಳುತ್ತವೆ, ನಿಮ್ಮ ಡಾಕ್ಟರನ್ನು ಕೇಳಿ. ಮತ್ತೆ ಬೇಕಾದಾಗ ಪರೀಕ್ಷೆ ಮಾಡಿಸಿ ಶುರು ಮಾಡಬಹುದು. ‘ಬಿಟ್ಟೆಯಲ್ಲ, ಈಗ ಯಾಕೆ ಬಂದೆ’ ಎಂದು ಯಾರೂ ಕೇಳದಂತೆ ನೋಡಿಕೊಳ್ಳಿ. ಮಾತ್ರೆ ತೆಗೆದುಕೊಳ್ಳದಿದ್ದ ದಿನಗಳಲ್ಲಿ ಕಾಂಡೋಮ್ ಹರಿದರೆ, ಯಾರಾದರೂ ಬಲಾತ್ಕಾರ ಮಾಡಿದರೆ, 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ ‘ಪೆಪ್’ ಚಿಕಿತ್ಸೆ ಇದೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಅದು ಎಲ್ಲಿ ಸಿಗುತ್ತದೆ, ರಾತ್ರಿ ಹೊತ್ತು ಯಾರನ್ನು ಕೇಳಬೇಕು ಎನ್ನುವುದು ನಿಮ್ಮ ಪ್ರತಿಯೊಬ್ಬ ಮಹಿಳೆಗೂ ಗೊತ್ತಿರಬೇಕು.

ನಿಮ್ಮ ರಿಜಿಸ್ಟರಿನಲ್ಲಿ ‘ಬಿಟ್ಟವರು’ ಎಂಬ ಕಾಲಂ ಇದ್ದೇ ಇರುತ್ತದೆ, ಅಲ್ವಾ? ಅದರ ಪಕ್ಕದಲ್ಲಿ ‘ಯಾಕೆ’ ಎಂದು ಇನ್ನೊಂದು ಕಾಲಂ ಎಳೆಯಿರಿ. ಹೆಸರು ಯಾರಿಗೂ ಕಾಣದಿರಲಿ. ಬಿಟ್ಟ ಪ್ರತಿಯೊಬ್ಬರನ್ನೂ ಸಮಾಧಾನವಾಗಿ ಕೇಳಿ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ. ವಾಕರಿಕೆ, ಡಬ್ಬಿ ಸಿಕ್ಕಿಬಿದ್ದದ್ದು, ನರ್ಸ್ ಆಡಿದ ಮಾತು, ಮಾತ್ರೆ ಸ್ಟಾಕ್ ಇಲ್ಲ ಎಂದು ವಾಪಸ್ ಕಳಿಸಿದ್ದು, ಅಪಾಯವೇ ಮುಗಿದದ್ದು, ಏನೇ ಇರಲಿ. ಮೇಲಿನವರು ಮುಂದಿನ ಮೀಟಿಂಗ್‌ನಲ್ಲಿ ‘ಅವರಿಗೇ ಬೇಡ’ ಎಂದಾಗ ಆ ಪುಟವನ್ನು ಅವರ ಮುಂದಿಟ್ಟು, ಇದರಲ್ಲಿ ಯಾವುದನ್ನು ನಾವು ಈ ತಿಂಗಳು ಸರಿ ಮಾಡಬಹುದು ಎಂದು ಕೇಳಿ.